ರಟ್ಗರ್ಸ್ ಮೈದಾನದಿಂದ ಮೈಸೂರಿಗೆ ಬರೆದ ಕಾಗದಗಳು



ಈ ವೇದಿಕೆಗೆ ವೈದ್ಯರನ್ನು ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಇವುಗಳಲ್ಲಿ ಒಂದರ ಮೇಲೆ ಉಪನ್ಯಾಸ ಆಗಲೇಬೇಕೆಂಬುದು ವಾಡಿಕೆ. ಅದನ್ನು ಶ್ರದ್ಧೆಯಿಂದ ಕೇಳಿ, ಆಮೇಲೆ ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುವುದೂ ವಾಡಿಕೆಯೇ. ಈ ಸಲ ಅಧ್ಯಕ್ಷರು ಉದಾರ ಮನಸ್ಸಿನಿಂದ ವಿಷಯದ ಆಯ್ಕೆಯನ್ನು ನಮಗೇ ಬಿಟ್ಟಿದ್ದಾರೆ. ಆದುದರಿಂದ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಮ್ಮನ್ನು ಹಿಡಿದಿರುವ ಒಂದು ಹುಚ್ಚಿನ ವಿಚಾರವನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ. ನಮ್ಮ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಆಟವನ್ನು ನೋಡುವುದು, ನೋಡಿದ್ದನ್ನು ಕನ್ನಡದಲ್ಲಿ ಬರೆಯುವುದು, ಇದೇ ಆ ಹುಚ್ಚು.

ಬರೆಯುವ ಚಟ ತಂದೆಯವರಿಂದ ಬಂದದ್ದು. ಅವರು ಮೈಸೂರಿನಲ್ಲಿ ಹೈಸ್ಕೂಲು ಮೇಷ್ಟರಾಗಿದ್ದರು. ರೇಡಿಯೋ ಪಕ್ಕದಲ್ಲಿ ಗೆರೆ ಹೊಡೆದ ನೋಟುಪುಸ್ತಕ ಇಟ್ಟುಕೊಂಡು ರಣಜಿ ಪಂದ್ಯಗಳ ಓಟಗಳನ್ನು ಬರೆದುಕೊಳ್ಳುತ್ತಿದ್ದರು. ಹದಿನೈದು ವರ್ಷ ಬಿಡದೆ ರಣಜಿ ಟ್ರೋಫಿಯನ್ನು ಗೆದ್ದಿದ್ದ ಬೊಂಬಾಯಿ ತಂಡವನ್ನು 1974ರಲ್ಲಿ ಪ್ರಸನ್ನ ಅವರ ನಾಯಕತ್ವದ ತಂಡ ಮಣಿಸಿತಷ್ಟೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಆಗಿನ್ನೂ ಐದು ತಿಂಗಳಾಗಿರಲಿಲ್ಲ. ಆ ಪುಟಗಳಿಗೆ ತಂದೆಯವರು ಕುಂಕುಮ ಹಚ್ಚಿದ್ದರು. ಮುಂದೆ ನಾವು ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕಾಲಕ್ಕೆ ಅದೇ ಊರಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಜಾವಗಲ್ ಶ್ರೀನಾಥ್ ಓದುತ್ತಿದ್ದರು. ಅವರ ಕಾಲೇಜಿಗೆ ಶ್ರೀನಾಥ್ ಇದ್ದರು, ನಮ್ಮ ಕಾಲೇಜಿಗೆ ಅಂಗರಚನಾ ಶಾಸ್ತ್ರದ ಪರೀಕ್ಷೆ ಇತ್ತು. ಸೋಲುವ ಪಕ್ಷದಲ್ಲಿ ಕುಳಿತು ಕೂಗುವ ಅಭ್ಯಾಸ ನಮಗೆ ಅಲ್ಲಿಂದಲೇ ಆಯಿತು.

ಆ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂದಿತು. 1995ರಲ್ಲಿ ಬಂದು, ಬ್ರೂಕ್ಲಿನ್‌ನ ಒಂದು ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಮುಗಿಸಿ, ಮಧ್ಯ ನ್ಯೂಜೆರ್ಸಿಯಲ್ಲಿ ನೆಲೆಸಿದ ಮೇಲೆ ಸಹೋದ್ಯೋಗಿಯೊಬ್ಬರು ತಾವು ಹೋಗಲಾರದ ಎರಡು ಟಿಕೆಟುಗಳನ್ನು ನಮ್ಮ ಕೈಗಿತ್ತರು. ಅವರೇಕೆ ಹೋಗಲಾರರೆಂಬುದು ಆಟ ನೋಡಿದ ಮೇಲೆ ತಿಳಿಯಿತು. ಗ್ರೆಗ್ ಶಿಯಾನೋ ತರಬೇತುದಾರರಾಗಿ ಬಂದ ಮೊದಲ ವರ್ಷವಾದ 2001ರಲ್ಲಿ ರಟ್ಗರ್ಸ್ ಗೆದ್ದದ್ದು ಎರಡು ಆಟ. 2002ರಲ್ಲಿ ಹನ್ನೆರಡರಲ್ಲಿ ಒಂದೇ ಒಂದು. ಅಂಥ ತಂಡವನ್ನು ಹೇಗೆ ಕೈಬಿಡುವುದು? ಆಟ ಮುಗಿದ ರಾತ್ರಿಯೇ ತಂದೆಯವರಿಗೆ ಮೂರು ನಾಲ್ಕು ಪುಟದ ಕಾಗದ ಬರೆಯುವ ಪದ್ಧತಿ ಆಗ ಆರಂಭವಾಯಿತು.

ಬರೆಯಲು ಕುಳಿತಾಗ ಮೊದಲ ತೊಡಕು ಭಾಷೆಯದು. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ, ಎಂಬುದನ್ನು ಕಬಡ್ಡಿ ಬಲ್ಲವರಿಗೆ ವಿವರಿಸುವುದು ಕಷ್ಟವಾಗಲಿಲ್ಲ. ಟಚ್‌ಡೌನ್ ಎಂಬುದನ್ನು ‘ಗಡಿ ದಾಟಿದ’ ಎಂದೆವು. ಕ್ವಾರ್ಟರ್‌ಬ್ಯಾಕ್‌ನನ್ನು ಕೆಲಕಾಲ ‘ಸೂತ್ರಧಾರ’ನೆಂದು ಕರೆದು, ತಂದೆಯವರು ಅದು ಯಕ್ಷಗಾನವೋ ಆಟವೋ ಎಂದು ಕೇಳಿದ ಮೇಲೆ ಕೈಬಿಟ್ಟೆವು. ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಎಂದೇಕೆ ಹೆಸರು ಎಂಬುದು ಅವರ ಇನ್ನೊಂದು ಆಕ್ಷೇಪ. ಇದಕ್ಕೆ ಮಾತ್ರ ನಮ್ಮ ಬಳಿ ಉತ್ತರವಿತ್ತು. 1869ರ ನವೆಂಬರ್ 6ರಂದು ನ್ಯೂ ಬ್ರನ್ಸ್‌ವಿಕ್‌ನಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ನಡೆದ ಆಟವನ್ನೇ ಈ ದೇಶದ ಮೊತ್ತಮೊದಲ ಅಂತರಕಾಲೇಜು ಫುಟ್‌ಬಾಲ್ ಪಂದ್ಯವೆಂದು ಎಣಿಸುವರು. ಪ್ರತಿ ಪಕ್ಷಕ್ಕೆ 25 ಮಂದಿ. ಚೆಂಡನ್ನು ಹಿಡಿದು ಓಡುವಂತಿರಲಿಲ್ಲ, ಎಸೆಯುವಂತಿರಲಿಲ್ಲ, ಒದೆಯಬೇಕು. ರಟ್ಗರ್ಸ್ 6–4ರಿಂದ ಗೆದ್ದಿತು. ತಮ್ಮವರು ಯಾರೆಂದು ಗುರುತು ಸಿಗಲಿ ಎಂದು ರಟ್ಗರ್ಸ್ ಹುಡುಗರು ತಲೆಗೆ ಕೆಂಪು ಬಟ್ಟೆಯನ್ನು ಪೇಟದಂತೆ ಸುತ್ತಿಕೊಂಡಿದ್ದರಂತೆ. ಇದನ್ನು ಓದಿ ಮೈಸೂರಿನಲ್ಲಿ ಪರಮಾನಂದವಾಯಿತು. ಮುಂದಿನ ವಾರವೇ ಪ್ರಿನ್ಸ್‌ಟನ್ 8–0ರಿಂದ ಸೇಡು ತೀರಿಸಿಕೊಂಡ ಸಂಗತಿಯನ್ನು ನಾವು ಎರಡು ಕಾಗದಗಳ ನಂತರ ತಿಳಿಸಿದೆವು.

ಪಾಲ್ ರೋಬ್ಸನ್ ರಟ್ಗರ್ಸ್‌ನವರೆಂದು ಬರೆದಾಗ ತಂದೆಯವರು ನಂಬಲಿಲ್ಲ. ಅವರ ಪಾಲಿಗೆ ರೋಬ್ಸನ್ ಗಾಯಕ. ಆದರೆ 1917, 1918ರಲ್ಲಿ ಅವರು ಇಡೀ ದೇಶದ ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿದ್ದವರು. ಮೊದಲ ಅಭ್ಯಾಸದಲ್ಲೇ ಈ ಕರಿಯ ಹುಡುಗನ ಮೂಗನ್ನು ಮುರಿದವರು ಎದುರಾಳಿಗಳಲ್ಲ, ಅವರದೇ ತಂಡದವರು. 1916ರಲ್ಲಿ ದಕ್ಷಿಣದ ಒಂದು ಕಾಲೇಜು ಕರಿಯನೊಡನೆ ಆಡಲೊಲ್ಲೆವೆಂದಾಗ ರಟ್ಗರ್ಸ್ ಅವರನ್ನು ಹೊರಗೆ ಕೂರಿಸಿತು. ಕಾಲೇಜು ಫುಟ್‌ಬಾಲಿನ ಕೀರ್ತಿಮಂದಿರದಲ್ಲಿ ರೋಬ್ಸನ್ನರಿಗೆ ಸ್ಥಾನ ಸಿಕ್ಕಿದ್ದು 1995ರಲ್ಲಿ, ತೀರಿಕೊಂಡು ಹತ್ತೊಂಬತ್ತು ವರ್ಷಗಳಾದ ಮೇಲೆ.

ನಮ್ಮ ಕಾಗದಗಳಲ್ಲಿ ಅತ್ಯಂತ ಉದ್ದವಾದದ್ದು 2006ರ ನವೆಂಬರ್ 9ರ ಗುರುವಾರ ರಾತ್ರಿಯದು. ದೇಶದಲ್ಲಿ ಮೂರನೆಯ ಸ್ಥಾನದಲ್ಲಿದ್ದ ಲೂಯಿವಿಲ್ ತಂಡ 25–7ರಿಂದ ಮುಂದಿತ್ತು. ಅಲ್ಲಿಂದ ನಮ್ಮವರು ಎದ್ದು ಬಂದು ಅಂಕಗಳನ್ನು ಸಮಮಾಡಿದರು. ಕೊನೆಯ ಗಳಿಗೆಯಲ್ಲಿ ಜೆರೆಮಿ ಈಟೋ ಒದ್ದ ಚೆಂಡು ಕಂಬದಾಚೆ ಹೋಯಿತು. ಮುಗಿಯಿತೆಂದು ತಲೆಯ ಮೇಲೆ ಕೈಹೊತ್ತು ಕುಳಿತರೆ, ಎದುರಾಳಿಯೊಬ್ಬ ಗೆರೆ ದಾಟಿದ್ದನಾದ್ದರಿಂದ ಇನ್ನೊಂದು ಅವಕಾಶ! ಈ ಬಾರಿ ಗುರಿ ತಪ್ಪಲಿಲ್ಲ. 28–25. ಉಳಿದಿದ್ದದ್ದು 13 ಸೆಕೆಂಡು. ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಕೆಂಪು ದೀಪ ಹಾಕಿದರು. ಹತ್ತು ವರ್ಷದ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಾವು ಕೂಗಿದ ಕೂಗಿಗೆ ಮರುದಿನ ರೋಗಿಗಳೊಡನೆ ಪಿಸುಮಾತಿನಲ್ಲಿ ವ್ಯವಹರಿಸಬೇಕಾಯಿತು.

ಇಷ್ಟೇ ಆಗಿದ್ದರೆ ಇಂದಿನ ಉಪನ್ಯಾಸ ಬರಿಯ ವಿನೋದವಾಗಿರುತ್ತಿತ್ತು.

2010ರ ಆಗಸ್ಟ್‌ನಲ್ಲಿ ಮಗ ಹೈಸ್ಕೂಲಿಗೆ ಸೇರಲಿದ್ದ. ಶಾಲೆಯ ಫುಟ್‌ಬಾಲ್ ತಂಡಕ್ಕೆ ಸೇರುವ ನಮೂನೆಯನ್ನು ತಂದು ಊಟದ ಮೇಜಿನ ಮೇಲಿಟ್ಟ. ನಾವು ಸಹಿ ಹಾಕಲಿಲ್ಲ. ವೈದ್ಯರಾದ್ದರಿಂದ ಕಾರಣಗಳಿಗೆ ಕೊರತೆಯಿರಲಿಲ್ಲ. ನೈಜೀರಿಯದಿಂದ ಬಂದು ಪಿಟ್ಸ್‌ಬರ್ಗ್‌ನಲ್ಲಿ ಶವಪರೀಕ್ಷಕರಾಗಿದ್ದ ಡಾ. ಬೆನೆಟ್ ಒಮಾಲು ಅವರು, 2002ರಲ್ಲಿ ಐವತ್ತನೆಯ ವಯಸ್ಸಿಗೇ ತೀರಿಕೊಂಡ ಮೈಕ್ ವೆಬ್‌ಸ್ಟರ್ ಎಂಬ ಪ್ರಖ್ಯಾತ ಆಟಗಾರನ ಮೆದುಳನ್ನು ಪರೀಕ್ಷಿಸಿ, ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದಾದ ಹಾನಿಯನ್ನು 2005ರಲ್ಲಿ ಪ್ರಕಟಿಸಿದ್ದರು. ಈ ದೇಶದಲ್ಲಿ ಎಷ್ಟೋ ವೈದ್ಯರ ಕಣ್ಣೆದುರಿಗೇ ಇದ್ದದ್ದನ್ನು ಹೊರಗಿನಿಂದ ಬಂದವರೊಬ್ಬರು ಕಂಡರೆಂದು ನಮಗೆ ಒಳಗೊಳಗೇ ಹೆಮ್ಮೆ. ಮಗನಿಗೆ ಇದೆಲ್ಲವನ್ನೂ ಹೇಳಿದೆವು. ಅವನು ಕೇಳಿಸಿಕೊಂಡು, “ಹಾಗಾದರೆ ಅಪ್ಪ, ಶನಿವಾರ ನಾವು ಯಾಕೆ ಹೋಗ್ತೀವಿ?” ಎಂದ. ಊಟ ಮುಗಿಸು ಎಂದೆವು.

ಅದೇ ವರ್ಷದ ಅಕ್ಟೋಬರ್ 16. ಈಸ್ಟ್ ರದರ್‌ಫರ್ಡ್‌ನ ಹೊಸ ಮೆಡೋಲ್ಯಾಂಡ್ಸ್ ಕ್ರೀಡಾಂಗಣದಲ್ಲಿ ಸೇನಾ ಅಕಾಡೆಮಿಯ ತಂಡದೊಡನೆ ಆಟ. ಕೊನೆಯ ಪಾದದಲ್ಲಿ ಅಂಕಗಳು ಸಮವಾಗಿದ್ದಾಗ ರಟ್ಗರ್ಸ್ ಕಿಕ್‌ಆಫ್ ಮಾಡಿತು. ಕಿಕ್‌ಆಫ್‌ನಲ್ಲಿ ಎರಡು ಪಕ್ಷಗಳೂ ದೂರದಿಂದ ಎದುರುಬದುರಾಗಿ ಪೂರ್ಣ ವೇಗದಲ್ಲಿ ಓಡಿಬರುತ್ತವೆಯೆಂಬುದನ್ನು ಆಟ ನೋಡದವರಿಗಾಗಿ ಹೇಳುತ್ತೇವೆ. 52ನೆಯ ಅಂಕಿಯ ಅಂಗಿ ತೊಟ್ಟಿದ್ದ ಎರಿಕ್ ಲೆಗ್ರಾಂಡ್ ಚೆಂಡು ಹಿಡಿದವನಿಗೆ ತಲೆಬಾಗಿಸಿ ಡಿಕ್ಕಿ ಹೊಡೆದು ಬಿದ್ದರು. ಮೇಲೇಳಲಿಲ್ಲ. ನಾವು ಕುಳಿತಿದ್ದ ಎತ್ತರದಿಂದಲೂ ಕೈಗಳು ಅಲುಗಾಡದಿರುವುದು ಕಾಣುತ್ತಿತ್ತು.

ಕುತ್ತಿಗೆಗೆ ಸಹಜವಾಗಿ ಒಂದು ಬಾಗು ಉಂಟು. ಪೆಟ್ಟನ್ನು ಆ ಬಾಗು ಹಂಚಿಕೊಂಡು ತಾಳುತ್ತದೆ. ತಲೆಯನ್ನು ಕೆಳಗೆ ಬಗ್ಗಿಸಿದಾಗ ಕತ್ತಿನ ಮೂಳೆಗಳು ಕೋಲಿನಂತೆ ನೆಟ್ಟಗಾಗುವುವು. ಆ ಗಳಿಗೆಯಲ್ಲಿ ನೆತ್ತಿಗೆ ಬಿದ್ದ ಬಲ ನೇರವಾಗಿ ಇಳಿದು ಮೂಳೆಯನ್ನು ಮುರಿಯುತ್ತದೆ, ಅದರೊಳಗಿನ ಬೆನ್ನುಹುರಿಯನ್ನು ಜಜ್ಜುತ್ತದೆ. ಲೆಗ್ರಾಂಡ್ ಅವರಿಗೆ ಮುರಿದದ್ದು ಮೂರು ಮತ್ತು ನಾಲ್ಕನೆಯ ಕತ್ತಿನ ಮೂಳೆಗಳು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯನ್ನು ಆಡಿಸುವ ನರ ಹೊರಡುವುದು ಅಲ್ಲಿಂದಲೇ. ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಗೂ ಗೊತ್ತಿರುವ ಪಾಠವಿದು. ತಲೆ ಮುಂದುಮಾಡಿ ಹಾಯುವುದನ್ನು 1976ರಲ್ಲೇ ನಿಯಮದಿಂದ ನಿಷೇಧಿಸಲಾಗಿತ್ತು. ಅದರಿಂದ ಇಂಥ ಆಘಾತಗಳು ಬಹಳ ಕಡಿಮೆಯಾದುವೆಂಬುದು ನಿಜ. ಆದರೆ ಪೂರ್ಣ ವೇಗದಲ್ಲಿ ಓಡುವ ಇಪ್ಪತ್ತು ವರ್ಷದ ಹುಡುಗನ ತಲೆ ಯಾವ ಕ್ಷಣಕ್ಕೆ ಎಷ್ಟು ಬಾಗಿರುತ್ತದೆಂದು ನಿಯಮ ಪುಸ್ತಕ ಹೇಳಲಾರದು.

ಲೆಗ್ರಾಂಡ್ ಅವರನ್ನು ಹೊರಗೆ ಒಯ್ದರು. ಆಟ ಮುಂದುವರಿಯಿತು. ಹೆಚ್ಚುವರಿ ಅವಧಿಯಲ್ಲಿ ರಟ್ಗರ್ಸ್ 23–20ರಿಂದ ಗೆದ್ದಿತು. ಆಗ ನಾವು ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಇದನ್ನು ಮರೆಮಾಚಿ ಮುಂದೆ ಹೋಗುವುದು ಸರಿಯಲ್ಲವೆಂದೇ ಈ ವೇದಿಕೆಯಲ್ಲಿ ಹೇಳುತ್ತಿರುವೆವು. ಆ ಸಾವಿರಾರು ಜನರಲ್ಲಿ ಹುಡುಗನಿಗೇನಾಗಿದೆಯೆಂದು ಚೆನ್ನಾಗಿ ಊಹಿಸಬಲ್ಲ ಕೆಲವರಲ್ಲಿ ನಾವೂ ಒಬ್ಬರು, ಆದರೂ ತಟ್ಟಿದೆವು. ಮಗ ತಟ್ಟಲಿಲ್ಲ. ರಾತ್ರಿ ಬರೆದ ಕಾಗದದಲ್ಲಿ ಗೆಲುವು ಮೂರು ಪುಟ, ಗಾಯದ ಸಂಗತಿ ಕೊನೆಯ ಎರಡು ಸಾಲು.

ತಂದೆಯವರ ಉತ್ತರ ಬರಲು ಮೂರು ವಾರ ಹಿಡಿಯಿತು. ಅದರಲ್ಲಿ ಆಟದ ವಿಷಯ ಒಂದಕ್ಷರವೂ ಇರಲಿಲ್ಲ. ಒಂದೇ ಪ್ರಶ್ನೆ: “ಆ ಹುಡುಗನ ತಾಯಿ ಅಂದು ಆಟ ನೋಡಲು ಬಂದಿದ್ದಳೇ?”

ಬಂದಿದ್ದರು. ಪತ್ರಿಕೆಗಳಲ್ಲಿ ಓದಿದ್ದೆವು, ಬರೆದಿರಲಿಲ್ಲ. ಆ ತಾಯಿ-ಮಗನ ಮನೆ ಏವೆನೆಲ್‌ನಲ್ಲಿ. ನಾವು ತಿಂಗಳಿಗೆರಡು ಬಾರಿ ದೋಸೆಗೂ ದಿನಸಿಗೂ ಹೋಗುವ ಐಸೆಲಿನ್ ಇರುವುದೂ ಅದೇ ವುಡ್‌ಬ್ರಿಜ್ ಪಟ್ಟಣ ವ್ಯಾಪ್ತಿಯಲ್ಲೇ. ಅದೇ ಹುಳಿ ಸೊಪ್ಪು ತರುವ ದಾರಿಯಲ್ಲಿ ಎಷ್ಟು ಸಲ ಆ ಮನೆಯ ಹತ್ತಿರ ಹಾದುಹೋಗಿದ್ದೆವೋ. ಲೆಗ್ರಾಂಡ್ ಇನ್ನು ಯಂತ್ರವಿಲ್ಲದೆ ಉಸಿರಾಡಲಾರರೆಂದು ಹೇಳಿದ್ದವರೂ ನಮ್ಮ ವೃತ್ತಿಯವರೇ. ಕೆಲವೇ ವಾರಗಳಲ್ಲಿ ಅವರು ಸ್ವಂತ ಉಸಿರಾಡಿದರು. ಚಕ್ರಕುರ್ಚಿಯಲ್ಲೇ ಓದು ಮುಂದುವರಿಸಿ 2014ರ ಮೇ ತಿಂಗಳ ಘಟಿಕೋತ್ಸವದಲ್ಲಿ ಪದವಿ ಪಡೆದು, ಸಭೆಯನ್ನುದ್ದೇಶಿಸಿ ಮಾತನ್ನೂ ಆಡಿದರು. ಅದಕ್ಕೆ ಮುನ್ನ, 2013ರ ಸೆಪ್ಟೆಂಬರ್‌ನಲ್ಲಿ, 52ನೆಯ ಅಂಕಿಯನ್ನು ಇನ್ನಾರಿಗೂ ಕೊಡಬಾರದೆಂದು ವಿಶ್ವವಿದ್ಯಾಲಯ ತೀರ್ಮಾನಿಸಿತು. ಆ ತಂಡದ ಇತಿಹಾಸದಲ್ಲಿ ಅದು ಮೊದಲು.

ಆಟವೂ ಸ್ವಲ್ಪ ಬದಲಾಯಿತು. 2012ರಲ್ಲಿ ಕಾಲೇಜು ಆಟದ ಕಿಕ್‌ಆಫನ್ನು 30ನೆಯ ಗಜದಿಂದ 35ಕ್ಕೆ ಸರಿಸಿದರು. ಚೆಂಡು ಕೊನೆಯ ಗೆರೆಯವರೆಗೆ ಹೋದಷ್ಟೂ ಓಡಿ ಡಿಕ್ಕಿ ಹೊಡೆಯುವ ಸಂದರ್ಭಗಳು ಕಡಿಮೆಯೆಂಬುದು ಲೆಕ್ಕ. ಕಿಕ್‌ಆಫನ್ನೇ ತೆಗೆದುಹಾಕಬೇಕೆಂದು ಶಿಯಾನೋ ಅವರು ಸಲಹೆ ಕೊಟ್ಟರು. ನೂರು ವರ್ಷಗಳ ಹಿಂದೆಯೂ ಹೀಗೆಯೇ ಆಗಿತ್ತು. 1905ರಲ್ಲಿ ಮೈದಾನದಲ್ಲಿ ಹುಡುಗರು ಸಾಯುವುದು ಹೆಚ್ಚಾದಾಗ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿದರು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಬಂದಿತು. ಈ ಆಟದಲ್ಲಿ ಇಂದು ನಮಗೆ ಅತಿ ಸುಂದರವಾಗಿ ಕಾಣುವ ಆ ಎಸೆತ ಹುಟ್ಟಿದ್ದು ಸಾವುಗಳ ನಂತರ.

ನಮ್ಮ ಕಾಗದಗಳೂ ಬದಲಾದುವು. ಗಾಯಗೊಂಡವನು ಯಾರು, ಎದ್ದು ನಡೆದನೇ, ಮುಂದಿನ ವಾರ ಆಡಿದನೇ, ಇವನ್ನು ಮೊದಲು ಬರೆದು ಆಮೇಲೆ ಅಂಕಗಳನ್ನು ಬರೆಯತೊಡಗಿದೆವು. ಇದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ; ಲೆಕ್ಕ ಸರಿಯಾಗಿರಲಿ ಎಂಬುದಷ್ಟೇ. ತಂದೆಯವರು 2012ರಲ್ಲಿ ತೀರಿಕೊಂಡರು. ಅಂದಿನಿಂದ ಕಾಗದದ ಬದಲು ನೋಟುಪುಸ್ತಕದಲ್ಲಿ ಬರೆಯುತ್ತೇವೆ. ಟಿಕೆಟನ್ನು ಬಿಟ್ಟಿಲ್ಲ. ಮಗನ ಆ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಿಲ್ಲ.

ಕಳೆದ ವರ್ಷ ನಮ್ಮ ಕೂಟದ ದಂಪತಿಗಳೊಬ್ಬರು ಇಂಥದೇ ನಮೂನೆ ಹಿಡಿದು ಮನೆಗೆ ಬಂದರು. (ಅವರ ಅನುಮತಿ ಪಡೆದೇ ಹೇಳುತ್ತೇವೆ, ಹೆಸರು ಬೇಡ.) ಹುಡುಗ ಗಟ್ಟಿಗ, ಆಡಲೇಬೇಕೆಂಬ ಹಟ. “ಡಾಕ್ಟ್ರೇ, ನಿಮ್ಮ ಮಗನೇ ಆಗಿದ್ದರೆ ಏನು ಮಾಡ್ತಿದ್ರಿ?” ಎಂದು ಆ ತಾಯಿ ಕೇಳಿದರು. ಮಾಡಿದ್ದನ್ನು ಹೇಳಿದೆವು, ಗೊತ್ತಿರುವ ಅಪಾಯಗಳನ್ನೂ ಹೇಳಿದೆವು, ನಾವು ಪ್ರತಿ ಶನಿವಾರ ಎಲ್ಲಿರುತ್ತೇವೆಂಬುದನ್ನೂ ಹೇಳಿದೆವು. ಅವರು ಒಂದು ವಾರ ಯೋಚಿಸಿ ಸಹಿ ಹಾಕಿದರು.

ಆ ಹುಡುಗ ಆಡುವ ಶುಕ್ರವಾರದ ಸಂಜೆಗಳಲ್ಲಿ ಈಗ ಶಾಲೆಯ ಮೈದಾನಕ್ಕೆ ಹೋಗುತ್ತಿದ್ದೇವೆ. ತಂದೆ ಕೂಗುತ್ತಾರೆ. ತಾಯಿ ಚಕ್ಕುಲಿಯ ಡಬ್ಬಿ ತಂದು ಅಕ್ಕಪಕ್ಕದವರಿಗೆಲ್ಲ ಹಂಚುತ್ತಾರೆ, ಅಂಕಗಳನ್ನೂ ತಪ್ಪದೆ ಕೇಳುತ್ತಾರೆ. ಕಿಕ್‌ಆಫ್‌ಗೆ ಹುಡುಗರು ಸಾಲಾಗಿ ನಿಂತೊಡನೆ ಮಾತ್ರ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿದೆಯೇ ಎಂದು ತಲೆಬಗ್ಗಿಸಿ ನೋಡತೊಡಗುತ್ತಾರೆ. ಪೀಪಿ ಊದಿದ ಮೇಲೆ, “ಎದ್ನಾ?” ಎಂದು ನಮ್ಮನ್ನು ಕೇಳುತ್ತಾರೆ. ಎದ್ದ, ಎನ್ನುತ್ತೇವೆ.