ಹೇಳಿದ್ದು ತಲುಪಿತೇ? ಕಲಿಸಿದ್ದು ಉಳಿಯಿತೇ?

(ಕಾರ್ಯಕರ್ತರು ಹಾಗೂ ವಿದ್ಯಾರ್ಥಿಗಳ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೊನೆಗೌಡನ ಕೆಲಸವನ್ನು ಮಲೆನಾಡಿನಲ್ಲಿ ಯಾರೂ ಶಾಲೆಯಲ್ಲಿ ಕಲಿತವರಲ್ಲ. ತಂದೆಯ ಜೊತೆಗೋ ಸೋದರಮಾವನ ಜೊತೆಗೋ ತೋಟಕ್ಕೆ ಹೋದ ಹುಡುಗ ಮೊದಲು ಕೆಳಗೆ ನಿಂತು ಹಗ್ಗ ಹಿಡಿದ, ಬಿದ್ದ ಅಡಿಕೆ ಹೆಕ್ಕಿದ, ಗಿಡ್ಡ ಮರ ಹತ್ತಿ ನೋಡಿದ, ಕೊನೆಗೆ ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟುವುದನ್ನೂ ಕಲಿತ. ಕಲಿಸಿದವರು ಒಂದು ಮಾತನ್ನೂ ವಿವರಿಸದೆ ಇದ್ದಿರಬಹುದು. ವಿವರಿಸುವ ಅಗತ್ಯವೂ ಇರಲಿಲ್ಲ, ಏಕೆಂದರೆ ಕಲಿಯಲು ಹತ್ತು ವರ್ಷದ ಅವಕಾಶವಿತ್ತು.

ಇಂದು ಆ ಸರಪಳಿ ಅನೇಕ ಊರುಗಳಲ್ಲಿ ಕಡಿದುಹೋಗಿದೆ. ಮಕ್ಕಳು ಪಟ್ಟಣ ಸೇರಿದ್ದಾರೆ. ಹಿರಿಯರಿಗೆ ಮರ ಹತ್ತುವ ಶಕ್ತಿ ಉಳಿದಿಲ್ಲ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ 'ತೆಂಗಿನ ಮರದ ಸ್ನೇಹಿತರು' ಎಂಬ ತರಬೇತಿಯನ್ನು ಆರಂಭಿಸಿದ್ದು ಇಂಥದೇ ಕೊರತೆಯಿಂದ. ಹತ್ತು ವರ್ಷದಲ್ಲಿ ತಾನಾಗಿ ಬರುತ್ತಿದ್ದ ವಿದ್ಯೆಯನ್ನು ಕೆಲವೇ ದಿನಗಳಲ್ಲಿ ಕಲಿಸಬೇಕಾದಾಗ, ಕಲಿಸುವುದೇ ಒಂದು ಬೇರೆ ಕಸುಬಾಗುತ್ತದೆ. ಕೆಲಸ ಬಲ್ಲವರೆಲ್ಲರೂ ಕಲಿಸಬಲ್ಲರು ಎಂಬ ನಂಬಿಕೆ ಸರಿಯಲ್ಲ. ಸಸ್ಯಪಾಲನಾ ಕ್ಷೇತ್ರದಲ್ಲಿ, ಜೇನು ಸಾಕಣೆಯಲ್ಲಿ, ಸಹಕಾರ ಸಂಘದ ಕಚೇರಿಯಲ್ಲಿ, ಗ್ರಾಮಸಭೆಯಲ್ಲಿ ದುಡಿಯುವ ನಾವೆಲ್ಲರೂ ಈ ಕಸುಬನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕಾಗಿದೆ.

ಇದೇ ಸಮಸ್ಯೆಯನ್ನು ಬಹುದೊಡ್ಡ ಪ್ರಮಾಣದಲ್ಲಿ ಎದುರಿಸಿದ ಒಂದು ಉದಾಹರಣೆ ಚರಿತ್ರೆಯಲ್ಲಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಂದ ನುರಿತ ಕೆಲಸಗಾರರು ಸೈನ್ಯಕ್ಕೆ ಹೋದರು. ಅವರ ಸ್ಥಾನಕ್ಕೆ ಯಂತ್ರವನ್ನೇ ಕಾಣದ ಮಹಿಳೆಯರು, ಹೊಲದ ಕೆಲಸದವರು ಬಂದರು. ಆಗ ಅಲ್ಲಿನ ಸರ್ಕಾರ 1940ರಿಂದ 1945ರವರೆಗೆ 'ಕೈಗಾರಿಕೆಯೊಳಗಿನ ತರಬೇತಿ' ಎಂಬ ಕಾರ್ಯಕ್ರಮವನ್ನು ನಡೆಸಿತು. ಅದು ಕಾರ್ಮಿಕರಿಗೆ ನೇರವಾಗಿ ಕೆಲಸ ಕಲಿಸಲಿಲ್ಲ. ಕಲಿಸಬೇಕಾದ ಮೇಸ್ತ್ರಿಗಳಿಗೆ ಕಲಿಸುವ ವಿಧಾನವನ್ನು ಹೇಳಿಕೊಟ್ಟಿತು. ತಲಾ ಎರಡು ಗಂಟೆಯ ಐದು ಬೈಠಕ್‌ಗಳು, ಒಟ್ಟು ಹತ್ತು ಗಂಟೆ, ಅಷ್ಟೇ. ಯುದ್ಧ ಮುಗಿಯುವ ಹೊತ್ತಿಗೆ 16 ಲಕ್ಷಕ್ಕೂ ಹೆಚ್ಚು ಮಂದಿ ಅದರ ಪ್ರಮಾಣಪತ್ರ ಪಡೆದಿದ್ದರು. ಯುದ್ಧಾನಂತರ ಅದು ಜಪಾನಿಗೆ ಹೋಗಿ ಅಲ್ಲಿನ ಕಾರ್ಖಾನೆಗಳಲ್ಲಿ ಬೇರುಬಿಟ್ಟಿತು.

ಆ ತರಬೇತಿಯ ಆರಂಭದಲ್ಲಿಯೇ ಒಂದು ಪ್ರಯೋಗವಿರುತ್ತಿತ್ತು. ವಿದ್ಯುತ್ ದೀಪದ ತಂತಿಗೆ ಹಾಕುವ ಒಂದು ಗಂಟನ್ನು ಬೋಧಕನು ಮೊದಲು ಬಾಯಿಮಾತಿನಲ್ಲಿ ಮಾತ್ರ ವಿವರಿಸುತ್ತಿದ್ದ. ಕೇಳಿದವನಿಗೆ ಗಂಟು ಹಾಕಲು ಬರುತ್ತಿರಲಿಲ್ಲ. ಅನಂತರ ಮಾತಾಡದೆ ಹಾಕಿ ತೋರಿಸುತ್ತಿದ್ದ. ನೋಡಿದವನಿಗೂ ಬರುತ್ತಿರಲಿಲ್ಲ. ಕೇವಲ ಹೇಳುವುದೂ ಸಾಲದು, ಕೇವಲ ತೋರಿಸುವುದೂ ಸಾಲದು ಎಂಬುದು ಹೀಗೆ ಎಲ್ಲರೆದುರಿಗೆ ಸಿದ್ಧವಾಗುತ್ತಿತ್ತು. ಆಮೇಲೆ ನಾಲ್ಕು ಹಂತಗಳ ಕ್ರಮ ಬರುತ್ತಿತ್ತು: ಕಲಿಯುವವನನ್ನು ಸಿದ್ಧಗೊಳಿಸುವುದು, ಕೆಲಸವನ್ನು ತೋರಿಸುತ್ತ ವಿವರಿಸುವುದು, ಅವನಿಂದಲೇ ಮಾಡಿಸುವುದು, ಬಿಟ್ಟುಕೊಟ್ಟ ಮೇಲೂ ಹೋಗಿ ನೋಡುತ್ತಿರುವುದು.

ಇದನ್ನು ನಮ್ಮ ತೋಟಕ್ಕೆ ತಂದು ನೋಡೋಣ. ಅಡಿಕೆಯ ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿಯೇ ಬರೆದರು. ಬೋರ್ಡೋ ದ್ರಾವಣದ ಸಿಂಪಡಣೆ ಅಂದಿನಿಂದ ನಮ್ಮಲ್ಲಿ ಬಳಕೆಗೆ ಬಂದಿತು. ನೂರು ವರ್ಷ ಮೀರಿದ ವಿದ್ಯೆ ಇದು. ಆದರೂ ಹೊಸಬನೊಬ್ಬನಿಗೆ ನಾವು ಹೇಳುವುದು ಏನು? "ಮೈಲುತುತ್ತ, ಸುಣ್ಣ ಕಲಸಿ ಹೊಡೆ" ಎಂದಷ್ಟೇ. ಇದು ತರಬೇತಿಯಲ್ಲ, ಆಜ್ಞೆ.

ಕೆಲಸವನ್ನು ಮೊದಲು ಕಾಗದದ ಮೇಲೆ ಮೂರು ಸಾಲುಗಳಾಗಿ ಬಿಡಿಸಿಕೊಳ್ಳಬೇಕು: ಏನು ಮಾಡಬೇಕು, ಎಲ್ಲಿ ಎಚ್ಚರ ಬೇಕು, ಏಕೆ ಬೇಕು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ 1 ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿಯೂ ಕರಗಿಸಬೇಕು. ಎಚ್ಚರ: ಕಬ್ಬಿಣದ ಪಾತ್ರೆ ಕೂಡದು. ಏಕೆ? ಕಬ್ಬಿಣವು ದ್ರಾವಣದ ತಾಮ್ರವನ್ನು ತನ್ನ ಮೇಲೆ ಕೂರಿಸಿಕೊಂಡು ಔಷಧಿಯನ್ನು ಕೆಡಿಸುತ್ತದೆ. ಮುಂದಿನದು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯುವುದು. ಎಚ್ಚರ: ಹೊಳಪಿನ ಚಾಕುವನ್ನು ಅದ್ದಿ ನೋಡಬೇಕು. ಕೆಂಪು ಲೇಪ ಕಂಡರೆ ಇನ್ನೂ ಸುಣ್ಣ ಬೇಕು. ಏಕೆ? ಬಿಡುಗಡೆಯಾಗಿ ಉಳಿದ ತಾಮ್ರ ಹಿಂಗಾರವನ್ನೂ ಎಳೆಗಾಯಿಯನ್ನೂ ಸುಡಬಲ್ಲದು. ಕೊನೆಯದು, ಅಂದು ಮಾಡಿದ್ದನ್ನು ಅಂದೇ ಹೊಡೆದು ಮುಗಿಸುವುದು. ಏಕೆ? ನಿಂತ ದ್ರಾವಣದ ಕಣಗಳು ಗಂಟುಕಟ್ಟಿ ಗೊನೆಗೆ ಅಂಟುವ ಗುಣವನ್ನು ಕಳೆದುಕೊಳ್ಳುತ್ತವೆ.

'ಏಕೆ' ಎಂಬ ಮೂರನೆಯ ಸಾಲು ಬಹಳ ಮುಖ್ಯ. ಕಾರಣ ತಿಳಿಯದವನು ನೀವು ಎದುರಿಗಿರುವಷ್ಟು ಹೊತ್ತು ಮಾತ್ರ ಎಚ್ಚರ ವಹಿಸುತ್ತಾನೆ. ಕಾರಣ ತಿಳಿದವನು ಹೊಸ ಪರಿಸ್ಥಿತಿ ಬಂದಾಗ ತಾನೇ ಯೋಚಿಸುತ್ತಾನೆ. ಪ್ಲಾಸ್ಟಿಕ್ ಡ್ರಮ್ ಸಿಗದ ದಿನ ಮಣ್ಣಿನ ಪಾತ್ರೆಯನ್ನು ಹುಡುಕುತ್ತಾನೆ, ಕಬ್ಬಿಣದ ಬಾನಿಯನ್ನಲ್ಲ. ಕೈಗವಸು, ಮುಖಕ್ಕೆ ಬಟ್ಟೆ, ಗಾಳಿಯ ದಿಕ್ಕು ಇವುಗಳನ್ನೂ ಇದೇ ಪಟ್ಟಿಯಲ್ಲಿ ಬರೆಯಿರಿ. ಕೊನೆಗೆ ಸೇರಿಸುವ ಬುದ್ಧಿಮಾತಾಗಿ ಅಲ್ಲ, ಕೆಲಸದ ಅಂಗವಾಗಿಯೇ ಬರೆಯಿರಿ.

ಕಲಿಯುವವನಿಂದ ಮಾಡಿಸುವಾಗ ಅವನ ಬಾಯಿಂದಲೇ ವಿವರಣೆ ಬರಬೇಕು. "ತಿಳಿಯಿತೇ?" ಎಂದು ಕೇಳಬೇಡಿ. ತಿಳಿಯದವನೂ ಸಂಕೋಚದಿಂದ ತಲೆಯಾಡಿಸುತ್ತಾನೆ. ಹೆಂಗಸರೂ ಹಿರಿಯರೂ ಸೇರಿದ ಸಭೆಯಲ್ಲಿ ಈ ಸಂಕೋಚ ಇನ್ನೂ ಹೆಚ್ಚು. "ಈಗ ನೀವು ಮಾಡಿ ತೋರಿಸಿ, ಮಾಡುತ್ತ ಹೇಳಿ" ಎನ್ನಿ. ತಪ್ಪಿದರೆ ಅಲ್ಲಿಯೇ ತಿದ್ದಿ, ಎಲ್ಲರೆದುರು ಹೀಗಳೆಯಬೇಡಿ. ಕಲಿಯಲಿಲ್ಲವೆಂದರೆ ದೋಷ ಮೊದಲು ಕಲಿಸಿದವನದು ಎಂಬ ನಿಯಮವನ್ನು ಇಟ್ಟುಕೊಳ್ಳಿ.

ಇನ್ನು ವಿಷಯ ಮಂಡನೆಯ ಮಾತು. ಇಂದು ಶಾಲೆ, ಕಚೇರಿ, ಸಭೆಗಳಲ್ಲೆಲ್ಲ ಪರದೆಯ ಮೇಲೆ ಸ್ಲೈಡ್ ತೋರಿಸುವ ರೂಢಿ ಬಂದಿದೆ. ಸಾಧನ ಕೆಟ್ಟದ್ದಲ್ಲ. ಆದರೆ ಮುಖ್ಯವಾದುದು ಅದರಲ್ಲಿ ಹೇಗೆ ಮುಚ್ಚಿಹೋಗಬಲ್ಲದು ಎಂಬುದಕ್ಕೆ ಕೊಲಂಬಿಯ ಗಗನನೌಕೆಯ ದುರಂತವನ್ನು ನೆನೆಯಬೇಕು. 2003ರ ಜನವರಿ 16ರಂದು ನೌಕೆ ಮೇಲೇರಿದ ಸುಮಾರು 82 ಸೆಕೆಂಡುಗಳಿಗೆ ಇಂಧನ ಟ್ಯಾಂಕಿನ ನೊರೆಯಂಥ ಹೊದಿಕೆಯ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ ಎಂಜಿನಿಯರುಗಳು ಅಪಾಯವನ್ನು ಅಂದಾಜು ಮಾಡಿ ಅಧಿಕಾರಿಗಳಿಗೆ ಸ್ಲೈಡುಗಳಲ್ಲಿ ಮಂಡಿಸಿದರು. ಒಂದು ಸ್ಲೈಡಿನ ತಲೆಬರಹ ಧೈರ್ಯ ಕೊಡುವಂತಿತ್ತು. ಕಟ್ಟಕಡೆಯ ಸಾಲುಗಳಲ್ಲಿ, ಬಡಿದ ತುಂಡಿನ ಗಾತ್ರ 1920 ಘನ ಅಂಗುಲ, ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ್ದು 3 ಘನ ಅಂಗುಲ ಎಂದಿತ್ತು. 640 ಪಟ್ಟು ವ್ಯತ್ಯಾಸ! ಎರಡು ಕೊಡ ನೀರಿನಷ್ಟು ಗಾತ್ರದ ವಸ್ತುವನ್ನು ಚಹದ ಪುಟ್ಟ ಲೋಟದ ಅಳತೆಯಿಂದ ತೂಗಿದಂತೆ. ಫೆಬ್ರುವರಿ 1ರಂದು ಮರಳುವಾಗ ನೌಕೆ ಛಿದ್ರವಾಯಿತು. ಕರ್ನಾಲಿನ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಮಡಿದರು. ದುರಂತಕ್ಕೆ ಸ್ಲೈಡೇ ಕಾರಣವೆನ್ನಲಾಗದು. ಆದರೆ ಅದೇ ವರ್ಷ ಆಗಸ್ಟಿನಲ್ಲಿ ಬಂದ ತನಿಖಾ ಮಂಡಳಿಯ ವರದಿ ಈ ಸ್ಲೈಡನ್ನು ವಿಶೇಷವಾಗಿ ಚರ್ಚಿಸಿತು. ವಿವರವಾದ ತಾಂತ್ರಿಕ ಬರಹದ ಸ್ಥಾನದಲ್ಲಿ ಸ್ಲೈಡುಗಳನ್ನು ಬಳಸುವ ರೂಢಿಯನ್ನು ಟೀಕಿಸಿತು.

ನಮ್ಮ ಪಾಲಿಗೆ ಇದರ ಪಾಠವೇನು? ಯೋಜನೆಗಳ ಕುರಿತು ಸಾರ್ವಜನಿಕ ಅಹವಾಲು ಸಭೆ ನಡೆಯುವಾಗ ಪರದೆಯ ಮೇಲೆ ಸ್ಲೈಡುಗಳು ಬೇಗಬೇಗನೆ ಸರಿಯುತ್ತವೆ. 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಸಭೆಯ ಕೊನೆಯಲ್ಲಿ ನಡಾವಳಿಯ ಸಾರವನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಆದ್ದರಿಂದ ಸ್ಲೈಡನ್ನು ನೋಡಿ ಬೆರಗಾಗುವ ಮೊದಲು ಸಾರಾಂಶವನ್ನು ಓದಿ. ನಿಮ್ಮ ಮಾತು ನಡಾವಳಿಯಲ್ಲಿ ಸೇರಿತೇ ಎಂದು ಕಿವಿಗೊಟ್ಟು ಕೇಳಿ.

ನೀವೇ ಮಂಡಿಸುವಾಗ ಕೆಲವು ಕ್ರಮಗಳನ್ನು ಪಾಲಿಸಿ. ಅತ್ಯಂತ ಮುಖ್ಯವಾದುದನ್ನು ಮೊದಲ ವಾಕ್ಯದಲ್ಲಿಯೇ ಹೇಳಿ. ಸಮಯ ಮುಗಿದು ಮೈಕು ಕೈತಪ್ಪಿದರೂ ಅದು ಉಳಿದಿರುತ್ತದೆ. ಅಂಕಿಗಳನ್ನು ಕೇಳುಗರ ಅಳತೆಗೆ ತನ್ನಿ: 400 ಹೆಕ್ಟೇರ್ ಎನ್ನುವುದಕ್ಕಿಂತ ಸುಮಾರು ಸಾವಿರ ಎಕರೆ ಎಂದರೆ ಕಣ್ಣಿಗೆ ಕಟ್ಟುತ್ತದೆ. ಊರಿನ ನಕ್ಷೆಯನ್ನು ದೊಡ್ಡ ಕಾಗದದ ಮೇಲೆ ಬರೆದು ಹಳ್ಳ, ಸೊಪ್ಪಿನ ಬೆಟ್ಟ, ಕೆರೆಗಳನ್ನು ಊರಿನವರು ಕರೆಯುವ ಹೆಸರಿನಿಂದಲೇ ಗುರುತಿಸಿ. ಅದಕ್ಕೆ ವಿದ್ಯುತ್ ಬೇಕಾಗಿಲ್ಲ. ತಿಳಿದದ್ದನ್ನೂ ಊಹಿಸಿದ್ದನ್ನೂ ಬೆರೆಸಬೇಡಿ. ಒಂದು ಉತ್ಪ್ರೇಕ್ಷೆ ಹತ್ತು ಸತ್ಯಗಳ ಬೆಲೆಯನ್ನು ಕಳೆಯುತ್ತದೆ. ಸಭೆಗೆ ಮುನ್ನ ವಿಷಯ ಗೊತ್ತಿಲ್ಲದ ಒಬ್ಬರೆದುರು, ಮನೆಯ ಅಜ್ಜಿಯ ಎದುರಾದರೂ ಸರಿ, ಒಮ್ಮೆ ಹೇಳಿ ನೋಡಿ. ಅವರು ತಿರುಗಿ ಏನು ಹೇಳುತ್ತಾರೋ ಅದೇ ನೀವು ನಿಜವಾಗಿ ಹೇಳಿದ್ದು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಈ ರಜೆಯಲ್ಲಿ ನಿಮ್ಮ ಊರಿನ ಒಬ್ಬ ಕೊನೆಗೌಡರ, ಒಬ್ಬ ಜೇನು ಸಾಕುವವರ, ಕಸಿ ಕಟ್ಟುವ ಒಬ್ಬ ಅಕ್ಕನ ಜೊತೆ ಎರಡು ದಿನ ಇರಿ. ಅವರ ಕೆಲಸವನ್ನು ಏನು, ಎಚ್ಚರ, ಏಕೆ ಎಂಬ ಮೂರು ಸಾಲುಗಳಲ್ಲಿ ಬರೆಯಿರಿ. ಬರೆದದ್ದನ್ನು ಅವರಿಗೇ ಓದಿ ಹೇಳಿ ತಿದ್ದಿಸಿಕೊಳ್ಳಿ. 'ಏಕೆ' ಎಂಬ ಸಾಲಿನಲ್ಲಿ ಅವರು ಹೇಳುವ ಮಾತುಗಳು ಯಾವ ಪುಸ್ತಕದಲ್ಲಿಯೂ ಸಿಗಲಾರವು. ಅವರು ಇರುವಾಗಲೇ ಕೇಳಿಕೊಳ್ಳಬೇಕು.