‘ಕೇಸ್ ವಾಪಸ್’ ಎಂದರೆ ಏನು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಓದಿ, ಮುಂದೆ ಸರ್ಕಾರಿ ಅಭಿಯೋಜಕನಾಗಿ ಕೋರ್ಟಿನಲ್ಲಿ ದುಡಿದವನು ನಾನು. ‘ಸರ್ಕಾರದಿಂದ ಮೊಕದ್ದಮೆ ವಾಪಸ್’ ಎಂಬ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಸರ್ಕಾರ ಹೇಳಿದೊಡನೆ ಕೇಸು ಮುಗಿಯಿತೆಂದು ಹಲವರ ನಂಬಿಕೆ. ಅದು ಹಾಗಲ್ಲ.

ಸಚಿವ ಸಂಪುಟ ತೀರ್ಮಾನಿಸಬಹುದು, ಆದೇಶವೂ ಬರಬಹುದು. ಆದರೆ ಕೋರ್ಟಿಗೆ ಅರ್ಜಿ ಹಾಕಬೇಕಾದವರು ಆ ಕೇಸು ನಡೆಸುತ್ತಿರುವ ಅಭಿಯೋಜಕರು. ಕಡತ ಓದಿ, ಹಿಂದೆ ಸರಿಯುವುದೇ ಸಾರ್ವಜನಿಕ ಹಿತವೆಂದು ಅವರಿಗೆ ಮನವರಿಕೆಯಾಗಬೇಕು. ಅಂಚೆಯವನಂತೆ ಮೇಲಿನವರ ಪತ್ರ ತಲುಪಿಸಿದರೆ ಸಾಲದು. ಆಮೇಲೆ ನ್ಯಾಯಾಧೀಶರು ಒಪ್ಪಬೇಕು. ಒಪ್ಪದಿದ್ದರೆ ವಿಚಾರಣೆ ಮುಂದುವರಿಯುತ್ತದೆ.

ಒಪ್ಪಿದರೂ ಫಲ ಎರಡು ಬಗೆ. ಕೋರ್ಟು ಆರೋಪ ನಿಗದಿ ಮಾಡುವ ಮೊದಲಾದರೆ ಆರೋಪಿಗೆ ಬಿಡುಗಡೆ. ಕೇಸು ಮತ್ತೆ ಏಳಲು ಕಾನೂನಿನ ಅಡ್ಡಿಯಿಲ್ಲ. ಆರೋಪ ನಿಗದಿಯಾದ ಮೇಲಾದರೆ ಅದು ಖುಲಾಸೆ. ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಯಿಲ್ಲ.

ನಮ್ಮ ನಾಡಿನದೇ ಒಂದು ಉದಾಹರಣೆ ಕೇಳಿ. 2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಅವನ ಬೇಡಿಕೆಗೆ ಮಣಿದು, ಜೈಲಿನಲ್ಲಿದ್ದ ಅವನ ಕಡೆಯವರ ಮೇಲಿನ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಅರ್ಜಿ ಹೋಯಿತು. ಮೈಸೂರಿನ ವಿಶೇಷ ಕೋರ್ಟು ಒಪ್ಪಿತು. ಆಗ ವೀರಪ್ಪನ್ ತಂಡದಿಂದ ಹತರಾದ ಪೊಲೀಸ್ ಅಧಿಕಾರಿಯೊಬ್ಬರ ತಂದೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ನವೆಂಬರ್ 7ರಂದು ಆ ಒಪ್ಪಿಗೆ ರದ್ದಾಯಿತು. ಅಭಿಯೋಜಕರು ಸ್ವಂತ ವಿವೇಚನೆ ಬಳಸಿಲ್ಲ, ಕೋರ್ಟೂ ಸಾರ್ವಜನಿಕ ಹಿತವನ್ನು ತೂಗಿ ನೋಡಿಲ್ಲ ಎಂಬುದು ತೀರ್ಪಿನ ಸಾರ. ನವೆಂಬರ್ 15ರಂದು, 108 ದಿನಗಳ ಸೆರೆಯ ಬಳಿಕ ಅಣ್ಣಾವ್ರು ಬಿಡುಗಡೆಯಾದರು.

ನಾನೂ ಅಣ್ಣಾವ್ರ ಅಭಿಮಾನಿ. ಅವರು ಕ್ಷೇಮವಾಗಿ ಮರಳಲೆಂದು ಹರಕೆ ಹೊತ್ತವರಲ್ಲಿ ನಾನೂ ಒಬ್ಬ. ಆದರೂ ಆ ತೀರ್ಪಿನಿಂದಲೇ ನನ್ನ ಕೆಲಸದ ತೂಕ ನನಗೆ ತಿಳಿಯಿತು. ಇಡೀ ನಾಡು ಒಂದು ಕಡೆ ಕಾತರದಿಂದ ನಿಂತಾಗಲೂ, ಮಗನನ್ನು ಕಳೆದುಕೊಂಡ ಒಬ್ಬ ತಂದೆಯ ಮಾತಿಗೆ ಕಾನೂನಿನಲ್ಲಿ ಜಾಗ ಇರಬೇಕು.

ಕೇಸು ವಾಪಸ್ ಪಡೆಯುವುದೇ ತಪ್ಪು ಎನ್ನುತ್ತಿಲ್ಲ. ಊರಿನಲ್ಲಿ ಶಾಂತಿ ನೆಲೆಸಲು, ಚಳವಳಿಗಿಳಿದ ಬಡ ರೈತ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದನ್ನು ತಪ್ಪಿಸಲು ಅದು ಬೇಕಾದೀತು. ಆದರೆ ನೊಂದವರಿಗೆ ತಿಳಿಯದಂತೆ ಆಗಬಾರದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೆಯ ಕಲಮು ಇದನ್ನೇ ಹೇಳುತ್ತದೆ: ನೊಂದವರ ಮಾತು ಕೇಳಲು ಅವಕಾಶ ಕೊಡದೆ ಕೋರ್ಟು ಒಪ್ಪಿಗೆ ನೀಡುವಂತಿಲ್ಲ. ಹಳೆಯ ಸಂಹಿತೆಯ 321ನೆಯ ಕಲಮಿನಲ್ಲಿ ಈ ಮಾತು ಇರಲಿಲ್ಲ.

ಮಕ್ಕಳೇ, ನಾಳೆ ನಿಮ್ಮ ಊರಿನಲ್ಲಿ ಯಾರಾದರೂ ‘ನಮ್ಮ ಕೇಸು ವಾಪಸ್ ಆಗುತ್ತಂತೆ, ಇನ್ನೇನೂ ಮಾಡೋಕಾಗಲ್ಲ’ ಎಂದು ಕೈಚೆಲ್ಲಿ ಕೂತರೆ ಅವರಿಗೆ ಈ ಕಲಮನ್ನು ಓದಿ ಹೇಳಿ. ಕೋರ್ಟಿಗೆ ಹೋಗಿ ತಮ್ಮ ಮಾತು ಹೇಳುವ ಹಕ್ಕು ಅವರಿಗಿದೆ. ಅಕ್ಷರ ಕಲಿತದ್ದು ಇಂಥ ಹೊತ್ತಿಗೆ ಉಪಯೋಗಕ್ಕೆ ಬರಲಿ.