ತುಳಸಜ್ಜಿ ನೆಟ್ಟ ಗಿಡ ಎಷ್ಟು?

ಭಾನುವಾರ ಬೆಳಿಗ್ಗೆ, ಅದೂ ಓಎಂಆರ್ ಕಡೆಯಿಂದ ಎಣ್ಣೂರಿನ ತನಕ ಬಂದಿದ್ದೀರಿ. ಲಾರಿಗಳ ಮಧ್ಯೆ ಆ ರಸ್ತೆಯಲ್ಲಿ ಬರೋದು ಸಣ್ಣ ವಿಷಯ ಅಲ್ಲ. ಥ್ಯಾಂಕ್ಸ್.

ಇವತ್ತು ನಾನು ಮಾತಾಡೋದು 2024ರ ಡಿಸೆಂಬರ್ 16ರಂದು ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಮನೆಯಲ್ಲಿ ತೀರಿಕೊಂಡ ತುಳಸಿ ಗೌಡರ ಬಗ್ಗೆ. ನಮ್ಮ ಉತ್ತರ ಕನ್ನಡದವರ ಬಾಯಲ್ಲಿ ತುಳಸಜ್ಜಿ. ಫೋಟೋ ನಿಮಗೆಲ್ಲ ಗೊತ್ತು. 2021ರ ನವೆಂಬರ್, ರಾಷ್ಟ್ರಪತಿ ಭವನ, ಬರಿಗಾಲು, ಹಾಲಕ್ಕಿ ಹೆಂಗಸರು ಉಡೋ ರೀತಿಯ ಸೀರೆ, ಕೊರಳು ತುಂಬಾ ಮಣಿಸರ, ಪದ್ಮಶ್ರೀ. ಅವತ್ತು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಆ ಫೋಟೋ ಎಷ್ಟು ಸಲ ಬಂತು ಅಂತ ಎಣಿಸೋದೇ ಬಿಟ್ಟಿದ್ದೆ. ಎಲ್ಲರೂ ಕಾಲು ನೋಡಿದರು. ಕೈ ನೋಡಿದವರು ಕಡಿಮೆ. ನಾನು ಕೈ ಬಗ್ಗೆ ಮಾತಾಡ್ತೀನಿ.

ಮೊದಲು ಬದುಕು. ಹುಟ್ಟಿದ್ದು 1944 ಅಂತ ದಾಖಲೆ. ಆದ್ರೆ ತೀರಿಕೊಂಡ ದಿನ ಒಂದು ಪತ್ರಿಕೆ 80 ವರ್ಷ ಅಂತು, ಇನ್ನೊಂದು 86 ಅಂತು. ಶಾಲೆಗೆ ಹೋಗದ ಹೆಣ್ಣುಮಗಳ ಹುಟ್ಟಿದ ದಿನ ಬರೆದಿಡೋರು ಯಾರು? ಎರಡು ವರ್ಷದ ಮಗು ಇದ್ದಾಗ ಅಪ್ಪ ಹೋದರು. ಅಮ್ಮ ಅರಣ್ಯ ಇಲಾಖೆಯ ಸಸ್ಯಪಾಲನಾ ಕೇಂದ್ರದಲ್ಲಿ, ಅಂದ್ರೆ ನರ್ಸರಿಯಲ್ಲಿ ಕೂಲಿ. ಅಮ್ಮನ ಸೆರಗು ಹಿಡಿದು ಈ ಹುಡುಗಿಯೂ ಅಲ್ಲಿಗೇ. ಹತ್ತು ಹನ್ನೆರಡು ವರ್ಷ ಆಗುವಷ್ಟರಲ್ಲಿ ಗೋವಿಂದೇಗೌಡರ ಜೊತೆ ಮದುವೆ. ಮಕ್ಕಳು, ಮನೆ, ಗದ್ದೆ, ಮತ್ತೆ ನರ್ಸರಿ. ಗಂಡ ತೀರಿಕೊಂಡ ಮೇಲೂ ನರ್ಸರಿ. ಮೂವತ್ತೈದು ವರ್ಷ ದಿನಗೂಲಿ ಮಾಡಿದ ಮೇಲೆ ಕೆಲಸ ಕಾಯಂ ಆಯ್ತು.

ಮೂವತ್ತೈದು ವರ್ಷ, ಸ್ವಾಮಿ. ನಮ್ಮಲ್ಲಿ ಒಂದು ವರ್ಷ ಕಾಂಟ್ರಾಕ್ಟ್‌ನಲ್ಲಿ ಇಟ್ಟು ಕನ್ವರ್ಟ್ ಮಾಡಲಿಲ್ಲ ಅಂದ್ರೆ ಲಿಂಕ್ಡ್‌ಇನ್‌ನಲ್ಲಿ ಪುಟಗಟ್ಟಲೆ ಬರೀತೀವಿ. (ನಗು) ನಗ್ತೀರಿ, ಆದ್ರೆ ಆಕೆ ಮಾಡ್ತಿದ್ದ ಕೆಲಸ ಕೌಶಲ ಇಲ್ಲದ ಕೂಲಿ ಕೆಲಸ ಆಗಿರಲಿಲ್ಲ. ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಪ್ರಶಸ್ತಿ ಸುದ್ದಿಯಲ್ಲಿ ಇದು ಬರೋದಿಲ್ಲ.

ಕಾಡಿನ ಗಿಡ ಬೆಳೆಸೋದು ಬೀಜದಿಂದ. ಯಾವ ಮರದ ಬೀಜ ತರಬೇಕು ಅನ್ನೋದೇ ಮೊದಲ ಪ್ರಶ್ನೆ. ಒಂದೇ ಜಾತಿಯ ಐವತ್ತು ಮರ ಇದ್ದರೂ ಎಲ್ಲದರ ಬೀಜ ಒಂದೇ ಥರ ಮೊಳೆಯೋದಿಲ್ಲ. ವಯಸ್ಸು, ಗಟ್ಟಿತನ, ನೆಟ್ಟಗೆ ಬೆಳೆದಿದೆಯೋ ಇಲ್ವೋ ಎಲ್ಲ ನೋಡಿ ತಾಯಿ ಮರ ಅಂತ ಗುರುತು ಮಾಡ್ತಾರೆ. ತುಳಸಜ್ಜಿಯ ದೊಡ್ಡ ಹೆಸರು ಇದ್ದದ್ದು ಇಲ್ಲಿ. ಯಾವ ಜಾತಿಯಾದರೂ ಸರಿ, ಕಾಡಿನಲ್ಲಿ ಅದರ ತಾಯಿ ಮರ ಯಾವುದು ಅಂತ ತೋರಿಸ್ತಿದ್ದರು. ಆಮೇಲೆ ಸಮಯ. ನೇರಳೆ, ಹಲಸಿನ ಬೀಜ ಹಣ್ಣಿನಿಂದ ತೆಗೆದ ಮೇಲೆ ಕೆಲವು ವಾರ ಬಿಟ್ಟರೆ ಸತ್ತಂತೆ. ಒಣಗಿಸಿ ಡಬ್ಬಿಯಲ್ಲಿ ಇಡೋಕೆ ಆಗೋದಿಲ್ಲ. ಸಾಗವಾನಿಯದು ಇದಕ್ಕೆ ಉಲ್ಟಾ. ಅದರ ಸಿಪ್ಪೆ ಕಲ್ಲಿನಂಥದು. ನೀರಲ್ಲಿ ನೆನೆಸಬೇಕು, ಬಿಸಿಲಿಗೆ ಹಾಕಬೇಕು, ಮತ್ತೆ ನೆನೆಸಬೇಕು, ಮತ್ತೆ ಬಿಸಿಲು, ಹೀಗೆ ಹಲವಾರು ದಿನ. ಆಮೇಲೆ ಮಡಿಯಲ್ಲಿ ಬಿತ್ತೋದು, ಮೊಳಕೆ ಬಂದದ್ದನ್ನ ಬೇರು ಮುರಿಯದ ಹಾಗೆ ಎತ್ತಿ ಕೊಟ್ಟೆಗೆ ಹಾಕೋದು. ಕೊಟ್ಟೆ ಅಂದ್ರೆ ನಮ್ಮ ಕಡೆ ಆ ಕಪ್ಪು ಪ್ಲಾಸ್ಟಿಕ್ ಚೀಲ. ಮಾರ್ಚ್‌ನಿಂದ ಮೇ ತನಕ ನೀರು ಹಾಕಿ ಬದುಕಿಸಿಕೊಂಡರೆ ಜೂನ್ ಮಳೆಗೆ ನೆಡೋಕೆ ಸಸಿ ತಯಾರು. ಒಂದು ವಾರ ಕಣ್ಣು ತಪ್ಪಿದರೆ ಇಡೀ ವರ್ಷದ ಕೆಲಸ ಹೋಯ್ತು.

ಇದನ್ನೆಲ್ಲ ತರಗತಿಯಲ್ಲಿ ಕಲಿತವರಿಗೆ ಅರಣ್ಯ ವಿಜ್ಞಾನಿ ಅಂತೀವಿ. ತುಳಸಜ್ಜಿಗೆ ವೃಕ್ಷಮಾತೆ ಅಂದ್ವಿ. ನನಗೆ ಆ ಬಿರುದಿನ ಮೇಲೆ ಸ್ವಲ್ಪ ಅನುಮಾನ. ಮಾತೆ ಅಂದ ತಕ್ಷಣ ಕೆಲಸ ಪ್ರೀತಿ ಆಗಿಬಿಡುತ್ತೆ, ಪ್ರೀತಿಗೆ ಸಂಬಳದ ಪ್ರಶ್ನೆ ಬರೋದಿಲ್ಲ. ಅರಣ್ಯಾಧಿಕಾರಿಯಾಗಿದ್ದ ಯಲ್ಲಪ್ಪ ರೆಡ್ಡಿಯವರಂಥ ಕೆಲವರು ಆಕೆಯ ತಿಳಿವಳಿಕೆಯನ್ನ ತಿಳಿವಳಿಕೆ ಅಂತಲೇ ಗುರುತಿಸಿದರು, ಅದು ದೊಡ್ಡದು.

ಇನ್ನು ಆ ಸಂಖ್ಯೆ. ತುಳಸಜ್ಜಿ ನೆಟ್ಟ ಗಿಡ ಎಷ್ಟು? ಮೂವತ್ತು ಸಾವಿರ ಅಂತ ಕೆಲವರು ಬರೆದರು, ಲಕ್ಷ ಅಂತ ಕೆಲವರು. ಡ್ಯಾಶ್‌ಬೋರ್ಡ್ ನೋಡಿ ಬದುಕೋ ಜನ ನಾವು, ನಮಗೆ ನಂಬರ್ ಬೇಕು. ಆದ್ರೆ ಆಕೆಯ ಕೈಯಿಂದ ಹೊರಟ ಸಸಿ ಯಾವ ಗುಡ್ಡಕ್ಕೆ ಹೋಯ್ತು, ಎಷ್ಟು ಉಳೀತು ಅಂತ ಗಿಡದ ಲೆಕ್ಕ ಇಲಾಖೆಯ ಹೆಸರಲ್ಲಿ ಇರುತ್ತೆ, ಕೂಲಿಯ ಹೆಸರಲ್ಲಿ ಇರೋದಿಲ್ಲ.

ಹೆಂಗಸರ ಲೆಕ್ಕ ಹೀಗೇ. ಪಹಣಿ ತೆಗೆದು ನೋಡಿ. ನಿಮ್ಮೂರಿನ ಗದ್ದೆಯಲ್ಲಿ ನಾಟಿ ಮಾಡಿದ್ದು, ಕಳೆ ಕಿತ್ತದ್ದು, ಕೊಟ್ಟಿಗೆ ಗೊಬ್ಬರ ಹೊತ್ತದ್ದು ಅಮ್ಮ. ಪಹಣಿಯಲ್ಲಿ ಹೆಸರು ಅಪ್ಪನದು, ಇಲ್ಲವೇ ಎಂದೋ ತೀರಿಕೊಂಡ ಅಜ್ಜನದು. ಅಪ್ಪ ಹೋದ ಮೇಲೆ ಪೌತಿ ಖಾತೆ ಮಾಡಿಸುವಾಗ ಅಮ್ಮನ ಹೆಸರು ಮೊದಲ ಸಲ ಕಾಗದಕ್ಕೆ ಬರುತ್ತೆ. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿ ಇದ್ದದ್ದು ಸುಮಾರು ಶೇ. 14. 2019ರ ಸಮಯ ಬಳಕೆ ಸಮೀಕ್ಷೆ ಮಾಡಿದಾಗ, ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಕೊಡ್ತಾರೆ, ಗಂಡಸರು 97 ನಿಮಿಷ ಅಂತ ಬಂತು. ಆ 97ರ ಬಗ್ಗೆ ನಿಮ್ಮ ಮನೆಯವರನ್ನ ಕೇಳಿ, ಜಾಸ್ತಿ ಆಯ್ತು ಅಂತ ಹೇಳಬಹುದು.

ಇದು ಅಂಕೋಲೆಯ ಕತೆ ಮಾತ್ರ ಅಲ್ಲ. ಇಲ್ಲೇ ಹತ್ತಿರದಲ್ಲಿ ಕೊಸಸ್ತಲೈ ನದಿ ಸಮುದ್ರ ಸೇರುವ ಅಳಿವೆ ಇದೆ. ಅಲ್ಲಿ ಇರುಳರ ಹೆಂಗಸರು ಸೊಂಟಮಟ್ಟದ ನೀರಲ್ಲಿ ಕೂತು, ಕೆಸರಲ್ಲಿ ಬರಿಗೈಯಿಂದ ತಡಕಿ ಸೀಗಡಿ ಹಿಡೀತಾರೆ. ಎರಡೂ ಕೈ ನೀರೊಳಗೆ, ಹಾಗಾಗಿ ಚೀಲವನ್ನ ಹಲ್ಲಲ್ಲಿ ಕಚ್ಚಿಕೊಂಡಿರ್ತಾರೆ. ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ವರ್ಷಾನುಗಟ್ಟಲೆ ಬಂದು ಕೂತಿರೋದು ಆ ಕೆಸರಿನಲ್ಲೇ. 2017ರ ಜನವರಿಯಲ್ಲಿ ಬಂದರಿನ ಹೊರಗೆ ಎರಡು ಹಡಗು ಡಿಕ್ಕಿಯಾಗಿ ಎಣ್ಣೆ ಸೋರಿದ್ದು ನೆನಪಿರಬಹುದು, 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆ ಜೊತೆ ಮತ್ತೆ ಎಣ್ಣೆ ಬಂತು. ಯಾವ ಹೊಂಡದಲ್ಲಿ ಯಾವ ತಿಂಗಳು ಸೀಗಡಿ ಸಿಗುತ್ತೆ ಅಂತ ಆ ಹೆಂಗಸರ ಬೆರಳಿಗೆ ಗೊತ್ತು. ಹೊಂಡವೇ ಬೂದಿಯಲ್ಲಿ ಮುಚ್ಚಿಹೋದ ಮೇಲೆ ಆ ಜ್ಞಾನ ಇಟ್ಟುಕೊಂಡು ಏನು ಮಾಡೋದು?

ಊರಲ್ಲಿ ಹೆಚ್ಚುಕಡಿಮೆ ಇದೇ ಆಗ್ತಾ ಇದೆ, ಅಲ್ಲಿ ಮುಚ್ಚೋದಕ್ಕೆ ಬೂದಿ ಬೇಕಾಗಿಲ್ಲ ಅಷ್ಟೆ. ನಮ್ಮಮ್ಮ ಹೋಗಿ ಕೆಲವು ವರ್ಷ ಆಯ್ತು. ಕುಮಟಾ ಕಡೆ ನಮ್ಮನೆ. ಸೌತೆ ಬೀಜವನ್ನ ಸಗಣಿಯಲ್ಲಿ ಕಲಸಿ ಅಡುಗೆಮನೆ ಹಿಂದಿನ ಗೋಡೆಗೆ ತಟ್ಟಿಡ್ತಿದ್ದಳು. ಉಳಿದದ್ದನ್ನ ಹಳೇ ಸೀರೆ ಚೂರಿನಲ್ಲಿ ಗಂಟು ಕಟ್ಟಿ, ಬೂದಿ ಹಾಕಿ, ಒಲೆ ಮೇಲಿನ ಅಟ್ಟದಲ್ಲಿ. ಹದಿಮೂರನೇ ದಿನ ಮುಗಿದು ಮನೆ ಗುಡಿಸುವಾಗ ತಂಗಿಗೆ ಅವು ಸಿಕ್ಕವು, ಹನ್ನೊಂದು ಗಂಟು. ಬದನೆ, ಹರಿವೆ, ಅವರೆ ನೋಡಿದರೆ ಗೊತ್ತಾಗುತ್ತೆ. ಆದ್ರೆ ಬದನೆಯದೇ ಮೂರು ಗಂಟು ಯಾಕೆ? ಯಾವುದು ಮಳೆಗಾಲದ್ದು, ಯಾವುದು ಗದ್ದೆ ಕೊಯ್ಲಾದ ಮೇಲೆ ಹಾಕೋದು? ಗಂಟಿನ ಮೇಲೆ ಏನೂ ಬರೆದಿರಲಿಲ್ಲ. ಬೇರೆ ಬೇರೆ ಬಣ್ಣದ ಸೀರೆ ಚೂರು, ಅದೇ ಅವಳ ಲೇಬಲ್. ಓದೋಕೆ ಬರ್ತಿದ್ದವಳು ಅವಳೊಬ್ಬಳೇ. ಎಲ್ಲವನ್ನೂ ತಂಗಿ ಬಿತ್ತಿದಳು. ಒಂದು ಬದನೆ ಹುಟ್ಟಲೇ ಇಲ್ಲ. ಇನ್ನೊಂದು ಹಸಿರು ಮಟ್ಟುಗುಳ್ಳದ ಥರ ಇದೆ, ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ.

ತುಳಸಜ್ಜಿಗೆ ಮುನ್ನೂರಕ್ಕೂ ಹೆಚ್ಚು ಔಷಧಿ ಗಿಡ ಗೊತ್ತಿತ್ತು ಅಂತ ಹೇಳ್ತಾರೆ. ಆಕೆ ಹೋದ ಎರಡು ತಿಂಗಳಿಗೆ, 2025ರ ಫೆಬ್ರುವರಿ 13ಕ್ಕೆ, ಅದೇ ಅಂಕೋಲಾ ತಾಲ್ಲೂಕಿನ ಸುಕ್ರಜ್ಜಿಯೂ ಹೋದರು. ಸುಕ್ರಿ ಬೊಮ್ಮಗೌಡ, ಹಾಲಕ್ಕಿ ಹಾಡುಗಳ ಕಣಜ, ಸಾರಾಯಿ ವಿರುದ್ಧ ಹೆಂಗಸರನ್ನ ಕಟ್ಟಿದವರು, 2017ರ ಪದ್ಮಶ್ರೀ. ಹಾಲಕ್ಕಿ ಒಕ್ಕಲಿಗರು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅಂತ ಎಷ್ಟೋ ವರ್ಷದಿಂದ ಕೇಳ್ತಾ ಇದ್ದಾರೆ. ಇಬ್ಬರು ಅಜ್ಜಿಯರಿಗೆ ಪದ್ಮಶ್ರೀ ಬಂತು, ಇಬ್ಬರೂ ಹೋದರು, ಆಗಲೂ ಆ ಫೈಲ್ ಇತ್ಯರ್ಥ ಆಗಿರಲಿಲ್ಲ.

ಈಗ ಕೆಲಸದ ಮಾತು. ಇಲ್ಲಿರೋರಲ್ಲಿ ಅಮ್ಮ ಊರಲ್ಲಿ ಇರೋರು ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ, ಒಳ್ಳೇದು. ದಸರಾ ರಜೆಗೆ ಹೋದಾಗ "ಅಮ್ಮಾ, ನಿನಗೆ ಗೊತ್ತಿರೋದನ್ನ ಹೇಳು, ರೆಕಾರ್ಡ್ ಮಾಡ್ತೀನಿ" ಅಂತ ಕೂರಿಸಿದರೆ "ನಂಗೆಂತ ಗೊತ್ತುಂಟು ಮಾರಾಯ" ಅಂತ ಎದ್ದು ಹೋಗ್ತಾರೆ. ಕೂರಿಸಬೇಡಿ. ಅವರು ಬೀಜ ಆರಿಸುವಾಗ, ಸೊಪ್ಪು ಕೊಯ್ಯುವಾಗ ಹಿಂದೆ ಹೋಗಿ, ಫೋನ್ ಜೇಬಲ್ಲಿ ಆನ್ ಇರಲಿ, ಮೊದಲು ಅವರಿಗೆ ಹೇಳಿ. ಯಾವುದು, ಯಾವಾಗ, ಎಲ್ಲಿಂದ ಬಂತು, ಈ ಮೂರೇ ಪ್ರಶ್ನೆ. ಎಲ್ಲಿಂದ ಬಂತು ಅಂತ ಕೇಳಿದರೆ ತವರುಮನೆ ಕತೆ ಶುರುವಾಗುತ್ತೆ, ತಡೀಬೇಡಿ. ಸಂಜೆ ಒಂದು ಬಿಳಿ ಪಟ್ಟಿ ಹರಿದು ಹೆಸರು ಬರೆದು ಗಂಟಿಗೆ ಕಟ್ಟಿ. ಹಾಗೇ ಪಹಣಿಯನ್ನೂ ಒಂದು ಸಲ ತೆಗೆದು, ಯಾರ ಹೆಸರು ಇದೆ ಅಂತ ನೋಡಿಕೊಂಡು ಬನ್ನಿ.

ನನ್ನ ಮಾತು ಇಷ್ಟು. ಹಿಂದಿನ ಸಾಲಿನವರು ಏನೋ ಕೇಳ್ತಿದ್ದಾರೆ, ಮೈಕ್ ಆ ಕಡೆ ಕೊಡಿ. ಹಲಸಿನ ಬೀಜ ಊರಿಂದ ತಂದು ಬಾಲ್ಕನಿಯಲ್ಲಿ ಹಾಕಬಹುದಾ? ಹಾಕಬಹುದು. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ತಂದ ವಾರದಲ್ಲೇ ಹಾಕಿ. ಮರ ಆದ ಮೇಲೆ ಅಪಾರ್ಟ್‌ಮೆಂಟ್ ಅಸೋಸಿಯೇಶನ್‌ನವರಿಗೆ ನೀವೇ ಉತ್ತರ ಕೊಡಬೇಕು.